ಕೆಂಪು ಚುಕ್ಕೆಯ ವಾಲ್ವ್

"ಆ ಪೆಟ್ಟಿಗೆ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಂಡೆ! ಕಿವಿ ಕೇಳಿಸಲ್ವಾ ನಿನಗೆ?"

ಅತ್ತೆಯ ಕೂಗಿಗೆ ಸೊಸೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿಬಿತ್ತು. ಹಳೆಯ ವಾಲ್ವ್ ರೇಡಿಯೋ ಹೊಟ್ಟೆ ಬಿಚ್ಚಿಕೊಂಡು ಊಟದ ಮೇಜಿನ ಮೇಲೆ ಕುಳಿತಿತ್ತು. ಪಕ್ಕದ ಕುರ್ಚಿಯಲ್ಲಿ ಮಾವ. ಪಾರ್ಶ್ವವಾಯು ಹೊಡೆದು ಮಾತು ಹೋಗಿ, ಬಲಗೈ ಸೋತಿದ್ದ ಅವರು ಎವೆಯಿಕ್ಕದೆ ನೋಡುತ್ತಿದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಡಾಕ್ಟರು ಹೊರಗೆ ಕರೆದು ಹೇಳಿದ್ದು ಹೆಂಗಸರಿಬ್ಬರಿಗೂ ಗೊತ್ತಿತ್ತು.

"ಮಾವನಿಗೆ ಒಂದು ಹಾಡಾದ್ರೂ ಕೇಳಿಸೋಣ ಅಂತ, ಅತ್ತೆ."

"ಅವರೇ ಕೈಬಿಟ್ಟಿದ್ದನ್ನ ನೀನು ರಿಪೇರಿ ಮಾಡ್ತೀಯಾ? ದೊಡ್ಡ ಮೆಕ್ಯಾನಿಕ್ ಬಂದ್ಲು!"

ಸೊಸೆಗೂ ಬಿಡಿಸಲಾಗದ ಒಗಟು ಅದೇ. ಊರಿನ ರೇಡಿಯೋಗಳೆಲ್ಲ ಒಮ್ಮೆಯಾದರೂ ಮಾವನ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದ್ದವು. ಅವಳಿಗೆ ಬೆಸುಗೆ ಹಾಕಲು ಕಲಿಸಿದವರೂ ಅವರೇ. ಸ್ವಂತ ಮನೆಯ ರೇಡಿಯೋ ಮಾತ್ರ ವರ್ಷಗಳಿಂದ ಮೂಕ! ಕೇಳಿದರೆ, "ಅದನ್ನ ಬಿಡಮ್ಮ, ವಯಸ್ಸಾಯ್ತು ಅದಕ್ಕೆ" ಎಂದು ನಕ್ಕುಬಿಡುತ್ತಿದ್ದರು. ಆಕಾಶವಾಣಿಯಲ್ಲಿ ಹಾಡುತ್ತಿದ್ದ ಮಗಳ ದನಿ ಪ್ರತಿ ವಾರ ಬರುತ್ತಿದ್ದದ್ದು ಆ ರೇಡಿಯೋದಲ್ಲೇ ಅಲ್ಲವೇ... ತಾಯಿಯ ಮಾತು ಮೀರಿ ಮದುವೆಯಾಗಿ ಮನೆ ಬಿಟ್ಟ ಮಗಳು! ಆಮೇಲೆ ಅತ್ತೆ ಯಾರಿಗೂ ಅವಳ ಸುದ್ದಿ ಎತ್ತಲು ಬಿಟ್ಟಿರಲಿಲ್ಲ.

ಸೊಸೆ ಜಗ್ಗಲಿಲ್ಲ. ಇಲಿ ಕಡಿದ ತಂತಿ ಬದಲಾಯಿಸಿ, ಉಬ್ಬಿದ ಕಂಡೆನ್ಸರ್ ಕಿತ್ತು ಹೊಸದನ್ನು ಬೆಸೆದಾಗಿತ್ತು. ಸ್ವಿಚ್ ಹಾಕಿದಳು. ವಾಲ್ವುಗಳ ಗಾಜಿನ ಬುರುಡೆಗಳಲ್ಲಿ ಮೊದಲು ಏನೂ ಇಲ್ಲ. ಆಮೇಲೆ ಕಂಡೂ ಕಾಣದಷ್ಟು ಕೆಂಪು... ಬೂದಿ ಕೆದಕಿದಾಗ ಕಾಣುವ ಕೆಂಡದಂತೆ ಅದು ಮೆಲ್ಲಗೆ ಹೊಳೆಯತೊಡಗಿತು. ಅಬ್ಬಾ! ಇಷ್ಟು ವರ್ಷ ಕತ್ತಲಲ್ಲಿ ಕೂತ ಗಾಜು ಬೆಳಗುವುದನ್ನು ಮರೆತಿರಲಿಲ್ಲ. ಬಯ್ಯಲು ಬಾಯಿ ತೆರೆದಿದ್ದ ಅತ್ತೆಯೂ ಹಾಗೆಯೇ ನಿಂತುಬಿಟ್ಟರು. ಆದರೆ ಒಂದು ವಾಲ್ವ್ ಮಾತ್ರ ಕಪ್ಪಾಗಿಯೇ ಉಳಿಯಿತು. ದನಿಯೂ ಬರಲಿಲ್ಲ.

ಸ್ವಿಚ್ ಆರಿಸಿ ಅದನ್ನು ಕಿತ್ತಳು. ಬುಡದಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆ. ಯಾವುದನ್ನೂ ಎಸೆಯದ ಮಾವ, ಕೆಟ್ಟುಹೋದ ವಾಲ್ವಿಗೆ ಇಂಥದೇ ಚುಕ್ಕೆಯಿಟ್ಟು ಡಬ್ಬಿಗೆ ಹಾಕುತ್ತಿದ್ದರು.

"ಅತ್ತೆ, ಇದು ಸತ್ತ ವಾಲ್ವು. ಮಾವ ತಾವಾಗಿ ಇದನ್ನ ಹಾಕಿರಲ್ಲ. ಯಾರು ಹಾಕಿದ್ದು?"

ಅತ್ತೆಯ ಮುಖ ಬಿಳಿಚಿಕೊಂಡಿತು. ಸರ್ರನೆ ತಿರುಗಿ ಒಳಗೆ ಹೋದರು. ಬೀರುವಿನ ಬಾಗಿಲು ಕಿರುಗುಟ್ಟಿತು. ಹೊರಬಂದಾಗ ಅಂಗೈಯಲ್ಲಿ ಹತ್ತಿಯಲ್ಲಿ ಸುತ್ತಿದ ಅಂಥದೇ ವಾಲ್ವ್, ಚುಕ್ಕೆಯಿಲ್ಲದ್ದು.

"ನಾನೇ... ಇದನ್ನ ಕಿತ್ತಿಟ್ಟು, ಡಬ್ಬಿಯಿಂದ ಇದೇ ಥರದ್ದು ತೆಗೆದು ಸಿಕ್ಕಿಸಿಬಿಟ್ಟೆ. ಮಗಳು ಹಾಡಿದ್ರೆ ಇವರು ಕಣ್ಣೀರು ಹಾಕೋರು. ನಾನೆಲ್ಲಿ ಕರಗಿಬಿಡ್ತೀನೋ ಅಂತ ಹೆದರಿಕೆ ಕಣೇ! ಮಾರನೇ ದಿನ ಇವರು ಆ ಸತ್ತಿದ್ದನ್ನೇ ಕಿತ್ತು ಬೆಳಕಿಗೆ ಹಿಡಿದು ನೋಡಿದ್ರು. ಮತ್ತೆ ಅಲ್ಲೇ ಸಿಕ್ಕಿಸಿ, 'ಹೋಯ್ತು ಬಿಡೇ, ವಯಸ್ಸಾಯ್ತು' ಅಂದ್ರು. ಪಾಪ, ನಂಬಿದ್ರು..."

"ನಂಬಲಿಲ್ಲ ಅತ್ತೆ," ಸೊಸೆ ಚುಕ್ಕೆಯನ್ನು ತೋರಿಸಿದಳು. "ಕೆಟ್ಟಿದೆ ಅಂತ ಈ ಚುಕ್ಕೆ ಇಟ್ಟಿದ್ದೇ ಅವರು. ನೋಡಿದ ತಕ್ಷಣ ಗೊತ್ತಾಗಿರುತ್ತೆ, ಇದು ನಿಮ್ಮ ಕೆಲಸ ಅಂತ."

ಅತ್ತೆ ಗಂಡನ ಕಡೆ ತಿರುಗಿದರು. ಅವರು ಮೆಲ್ಲಗೆ, ಮಗುವನ್ನು ಸಮಾಧಾನಪಡಿಸುವಂತೆ, ಹೌದೆಂದು ತಲೆಯಾಡಿಸಿದರು. ಹೆಂಡತಿ ತಲೆತಗ್ಗಿಸಬಾರದೆಂದು ಮಗಳ ದನಿಯನ್ನೇ ಬಿಟ್ಟುಕೊಟ್ಟ ಜೀವ! ಇಂಥ ತಾಳ್ಮೆಯೂ ಮನುಷ್ಯನಿಗೆ ಸಾಧ್ಯವೇ?

"ಗೊತ್ತಿದ್ದೂ ಒಂದು ಮಾತು ಅನ್ನಲಿಲ್ಲವಲ್ರೀ... ಒಂದೇ ಒಂದು ಮಾತು!" ಅತ್ತೆ ಅವರ ಮಂಡಿಗೆ ಹಣೆಯಿಟ್ಟು ಬಿಕ್ಕಿದರು. ಮಾವನ ಎಡಗೈ ಆ ನರೆತ ತಲೆಯನ್ನು ನೇವರಿಸಿತು.

ಸೊಸೆ ಕಣ್ಣೊರೆಸಿಕೊಂಡು ಒಳ್ಳೆಯ ವಾಲ್ವನ್ನು ಕೂರಿಸಿದಳು. ಈ ಸಲ ಎಲ್ಲವೂ ಕೆಂಪಾದವು. ಮೊದಲು ಗುಂಯ್ ಎಂಬ ಸಣ್ಣ ದನಿ, ಆಮೇಲೆ ದೂರದಿಂದ ನಡೆದುಬಂದಂತೆ ಒಂದು ಕಂಠ ಹತ್ತಿರವಾಯಿತು. ಮಗಳದೇ ಇರಬಹುದೇ!

ಯಾರೋ ಗಂಡಸು ಹವಾಮಾನ ವರದಿ ಓದುತ್ತಿದ್ದ.

ಅತ್ತೆ ತಲೆಯೆತ್ತಿದರು. "ಅವಳಿಗೆ ಫೋನ್ ಮಾಡು. ನನ್ನ ಕೈಗೆ ಕೊಡು... ಅಪ್ಪನ ಮುಂದೆ ಕೂತು ಹಾಡು ಬಾ ಅಂತ ನಾನೇ ಕರೀತೀನಿ."

ಸೊಸೆ ಗುಟ್ಟಾಗಿ ಇಟ್ಟುಕೊಂಡಿದ್ದ ನಂಬರ್ ಒತ್ತಿ ಫೋನನ್ನು ಅತ್ತೆಯ ಕೈಗಿತ್ತಳು. ಅಷ್ಟರಲ್ಲಿ ಮಾವ ಕಷ್ಟಪಟ್ಟು ಮುಂದಕ್ಕೆ ಬಾಗಿದರು. ಇಷ್ಟು ವರ್ಷಗಳ ಮೇಲೆ ಮಾತಾಡಿದ ರೇಡಿಯೋದ ಗುಂಡಿಯನ್ನು ಎಡಗೈಯಲ್ಲಿ ಹಿಡಿದು, ಫೋನಿನ ಕಡೆಗೆ ಕಿವಿಗೊಟ್ಟು, ದನಿಯನ್ನು ಪೂರ್ತಿ ತಗ್ಗಿಸಿದರು.