ಸ್ಕಾಟ್ಲೆಂಡಿಗೆ ತೋರಿಸಬೇಕಿದ್ದ ಕಸ

"ನನ್ನ ಕಸ ಎಲ್ರೀ?!"

ಕೃತಿಕಾ ಮೇಡಂ ಇಷ್ಟು ಜೋರಾಗಿ ಕೂಗಿದ್ದನ್ನು ಚೌಳಹಿರಿಯೂರಿನ ಹೈಸ್ಕೂಲು ಅದುವರೆಗೂ ಕೇಳಿರಲಿಲ್ಲ. ವಿಜ್ಞಾನ ಪಾಠ ಮಾಡುವವಳು, ದಿನಾ ಕಡೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವಳು, ಮಕ್ಕಳನ್ನೂ ಮೆತ್ತಗೇ ಬೈಯುವವಳು.

ಶಾಲೆಯ ಹಿಂದೆ ಒಂದು ಚೂರೂ ಕಸ ಇರಲಿಲ್ಲ. ನೆಲ ಗುಡಿಸಿ, ನೀರು ಚಿಮುಕಿಸಿ, ಮಂಚದಗಲ ರಂಗೋಲಿ ಹಾಕಿತ್ತು. ಪಕ್ಕದಲ್ಲಿ ಓಂಕಾರೇಶ ನಿಂತಿದ್ದ, ಶಹಬ್ಬಾಸ್ ಅನ್ನಿಸಿಕೊಳ್ಳಲು ತಯಾರಾಗಿ.

"ನಾನೇ ತೆಗೆಸ್ದೆ ಮೇಡಂ! ಬೆಳಗ್ಗೆನೇ ಟ್ರ್ಯಾಕ್ಟರ್ ತಂದು ಎಲ್ಲಾ ಸಾಗಿಸ್ಬಿಟ್ಟೆ. ರಂಗೋಲಿ ಅಡುಗೆ ಅಂಬಮ್ಮಂದು. ಹೆಂಗೈತೆ?"

ಅವಳು ರಂಗೋಲಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

ಅದು ಅಂತಿಂಥ ಕಸವಲ್ಲ. ಸ್ಕಾಟ್ಲೆಂಡಿನ ಒಂದು ಶಾಲೆಗೂ ಈ ಶಾಲೆಗೂ ಒಡಂಬಡಿಕೆಯಾಗಿತ್ತು. ಎರಡೂ ಕಡೆಯ ಮಕ್ಕಳು ಮೂವತ್ತು ದಿನ ತಮ್ಮ ಶಾಲೆಯ ಕಸವನ್ನು ಎಸೆಯದೆ, ಬೇರೆ ಬೇರೆ ಮಾಡಿ ಕೂಡಿಡಬೇಕು. ಕೊನೆಯ ದಿನ ಎರಡೂ ಶಾಲೆಯವರು ವೀಡಿಯೊದಲ್ಲಿ ಒಬ್ಬರ ಮುಂದೆ ಒಬ್ಬರು ತೂಗಬೇಕು. ಭೂಮಿಗೆ ನಾವು ಎಷ್ಟು ಭಾರ ಎಂದು ಕಣ್ಣಾರೆ ಕಾಣಬೇಕು. ತೂಕ ತೋರಿಸದ ಶಾಲೆಗೆ ಮುಂದಿನ ವರ್ಷ ಈ ಒಡಂಬಡಿಕೆಯಲ್ಲಿ ಜಾಗವಿಲ್ಲ.

ಆ ಕೊನೆಯ ದಿನ ಇವತ್ತೇ.

"ಇದು ಬೇಕಿತ್ತಾ ನಿಮಗೆ?" ಅವಳು ಅವನ ಮೇಲೆ ತಿರುಗಿಬಿದ್ದಳು. "ಮಕ್ಕಳು ಒಂದು ತಿಂಗಳು ಚಾಕೊಲೇಟ್ ಕಾಗದ ಸಮೇತ ಎತ್ತಿಟ್ಟಿದ್ರು! ನಮ್ಮ ಕೆಲಸ ನೋಡಿ ನಿಮಗೆ ನಾಚಿಕೆ ಆಯ್ತಾ? ಊರಿನ ಮರ್ಯಾದೆ ಹೋಗುತ್ತೆ ಅನ್ನಿಸ್ತಾ? ಕಸ ಕೂಡಿಡೋ ಟೀಚರ್ ಅಂತ ಊರವರೆಲ್ಲರ ಹಾಗೆ ನೀವೂ ಒಳಗೊಳಗೇ ನಗ್ತಿದ್ರಿ ಅಲ್ವಾ?"

ಓಂಕಾರೇಶನ ಮುಖ ಸಣ್ಣದಾಯಿತು.

"ಹೋಗಿ. ನಿಮ್ಮ ಉಪಕಾರ ಸಾಕು."

ಅವನು ತಲೆ ತಗ್ಗಿಸಿಕೊಂಡು ಹೋದ. ಕಸ ಎಲ್ಲಿಗೆ ಸಾಗಿಸಿದ ಎಂದು ಕೇಳಲು ಸಿಟ್ಟಿನಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಇವರಿಬ್ಬರ ಪರಿಚಯ ಹೇಳಿಕೊಳ್ಳುವಂಥದ್ದೇನಲ್ಲ. ಓಂಕಾರೇಶ ಇದೇ ಶಾಲೆಯಲ್ಲಿ ಓದಿ, ಊರಾಚೆ ತೆಂಗಿನ ನಾರಿನ ಫ್ಯಾಕ್ಟರಿ ನಡೆಸುವವನು. ಶಾಲೆಯಲ್ಲಿ ನೆಟ್‌ವರ್ಕ್ ನೆಟ್ಟಗಿಲ್ಲ. ಅವನ ಫೋನಿನಲ್ಲಿ ಮಾತ್ರ ಚೆನ್ನಾಗಿ ಸಿಗುತ್ತದೆ. ಹಾಗಾಗಿ ಮೂರು ತಿಂಗಳಿಂದ ಪ್ರತಿ ಗುರುವಾರ, ಸ್ಕಾಟ್ಲೆಂಡಿನ ಜೊತೆಗಿನ ವೀಡಿಯೊ ಪಾಠಕ್ಕೆಂದು, ಎರಡೂವರೆಗೆ ಬಂದು, ಫೋನನ್ನು ಕಿಟಕಿಯಲ್ಲಿಟ್ಟು, ಹೊರಗೆ ಹೊಂಗೆ ಮರದ ಕೆಳಗೆ ಕೂರುತ್ತಿದ್ದ. "ನೆಟ್ ಬಂತಾ ಮೇಡಂ?" "ಬಂತು." ಅಷ್ಟೇ ಮಾತು. ಅಷ್ಟು ಮಾತಿಗಾಗಿ ಅವಳು ಬುಧವಾರ ಸಂಜೆಯೇ ಸೀರೆ ಇಸ್ತ್ರಿ ಮಾಡಿಡುತ್ತಿದ್ದಳು. ಇದನ್ನು ಯಾರಿಗೂ ಹೇಳಿರಲಿಲ್ಲ, ತನಗೂ ಸೇರಿದಂತೆ.

ಈಗ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತಳು.

'ಕಸ ಹೋದದ್ದಕ್ಕೆ ಅಳ್ತಿದೀನಾ... ಇವನೂ ಹೀಗೇ ಅಂತ ಗೊತ್ತಾದದ್ದಕ್ಕಾ...'

ಹೆಡ್‌ಮಾಸ್ಟರ್ ಶಿವಪ್ರಸಾದ್ ಬಾಗಿಲು ತಟ್ಟಿ, "ಹೋಗ್ಲಿ ಬಿಡಮ್ಮಾ, ಚೊಕ್ಕಟವಾದ್ರೂ ಆಯ್ತಲ್ಲ!" ಎಂದು ಸಮಾಧಾನ ಹೇಳಿದರು. ಅದರಿಂದ ಅಳು ಇನ್ನೂ ಹೆಚ್ಚಾಯಿತು.

ಎರಡೂವರೆಗೆ ಮುಖ ತೊಳೆದುಕೊಂಡು ಕ್ಲಾಸಿಗೆ ಹೋದಳು. ಫೋನು ಕಿಟಕಿಯಲ್ಲಿತ್ತು. ಅವನು ಹೊಂಗೆ ಮರದ ಕೆಳಗೆ, ಈ ಕಡೆ ಬೆನ್ನು ಮಾಡಿ ಕೂತಿದ್ದ.

ಪರದೆಯ ಮೇಲೆ ಸ್ಕಾಟ್ಲೆಂಡಿನ ಟೀಚರ್ ಫಿಯೋನಾ, ಹಿಂದೆ ತಕ್ಕಡಿ, ಚೀಲ ಹಿಡಿದ ಮಕ್ಕಳು.

"ನಿಮ್ಮದು ತಯಾರಾ ಕೃತಿಕಾ?"

"ಇಲ್ಲ. ನಮ್ಮ ಕಸವನ್ನು ಯಾರೋ ತೆಗೆದುಬಿಟ್ಟರು," ಕೃತಿಕಾ ಇಂಗ್ಲಿಷಿನಲ್ಲಿ ಹೇಳಿದಳು. ಆ 'ಯಾರೋ' ಯಾರೆಂದು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಫಿಯೋನಾ ಅವರ ಮುಖ ಸಪ್ಪಗಾಯಿತು. "ಅಯ್ಯೋ... ತೂಕ ಇಲ್ಲದಿದ್ದರೆ ನಾನು ಏನೂ ಮಾಡಲಾರೆ..."

ಅಷ್ಟರಲ್ಲಿ ಚಪ್ಪಲಿ ಹೊರಗೆ ಬಿಟ್ಟು ಓಂಕಾರೇಶ ಒಳಗೆ ಬಂದ. ಇಂಗ್ಲಿಷ್ ಕೇಳಿದರೆ ಅವನಿಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಆಡಲು ಮಾತ್ರ ಬರುತ್ತಿರಲಿಲ್ಲ. ಬೆಂಚಿನ ಮೂಲೆಯಲ್ಲಿದ್ದ ಹುಡುಗಿ ಪ್ರಿಯಾಂಕಾ ಸರಿದು ಜಾಗ ಬಿಟ್ಟಳು. ಅವನು ನೇರ ಕ್ಯಾಮೆರಾ ಮುಂದೆ ಹೋಗಿ ಕೈ ಮುಗಿದ.

"ಯಾರೋ ಅಲ್ಲ, ನಾನೇ ತೆಗ್ದಿದ್ದು. ನಮ್ಮ ಕಡೆ ನೆಂಟ್ರು ಬತ್ತಾರೆ ಅಂದ್ರೆ ಮೊದ್ಲು ಮನೆ ಗುಡಿಸ್ತೀವಿ. ಇವತ್ತು ಹಿತ್ಲೂ ನೋಡ್ತಾರೆ ಅಂತ ಮಕ್ಳು ಹೇಳಿದ್ರು, ಗುಡಿಸ್ಬಿಟ್ಟೆ. ಇಷ್ಟು ದಿನ ಹೊರಗೇ ಕೂತಿದ್ದೆ, ಒಳಗೇನ್ ನಡೀತೈತೆ ಅಂತ ಕೇಳ್ಕಂಡಿಲ್ಲ. ತಪ್ಪು ನಂದು. ಮಕ್ಕಳನ್ನ ಕೈಬಿಡ್ಬೇಡಿ. ಮೇಡಂ, ಇದನ್ನ ಹೇಳಿ ಅವ್ರಿಗೆ."

ಕೃತಿಕಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದಳು. 'ಮನೆ ಗುಡಿಸ್ತೀವಿ' ಎನ್ನುವಲ್ಲಿ ತಿರುಗಿ ಅವನನ್ನು ನೋಡಿದಳು. ನಾಚಿಕೆಗೆ ಮಾಡಿದ್ದಲ್ಲ, ನೆಂಟರ ಮರ್ಯಾದೆಗೆ ಮಾಡಿದ್ದು! ಬೆಳಗ್ಗೆ ತಾನು ಆಡಿದ್ದೆಲ್ಲ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು.

ಆ ಕಡೆ ಒಂದು ಹುಡುಗಿ ಕೈ ಎತ್ತಿದಳು. "ಆ ಕಸ ಈಗ ಎಲ್ಲಿದೆ?"

"ಕೆರೆ ಹಿಂದಿನ ಹಳ್ಳದಾಗೆ. ಊರಿನ ಕಸ ಎಲ್ಲಾ ಅಲ್ಲಿಗೇ ಹೋಗೋದು," ಎಂದ ಓಂಕಾರೇಶ. ಕೃತಿಕಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು.

ಹುಡುಗಿ ತನ್ನ ಟೀಚರ್ ಕಡೆ ತಿರುಗಿದಳು. "ನಮ್ಮದು ಎಲ್ಲಿಗೆ ಹೋಗುತ್ತೆ ಮಿಸ್?"

ಫಿಯೋನಾ ಕಿಟಕಿಯಾಚೆ ಕೈ ತೋರಿಸಿದರು. "ಮಂಗಳವಾರ ಲಾರಿ ಬರುತ್ತೆ... ಆಮೇಲೆ... ನನಗೆ ಗೊತ್ತಿಲ್ಲ!"

ಎರಡೂ ಕಡೆಯ ಮಕ್ಕಳು ಪರದೆಯ ಹತ್ತಿರಕ್ಕೆ ಸರಿದರು.

"ಕೃತಿಕಾ, ನೀವು ಆ ಹಳ್ಳವನ್ನು ನಮಗೆ ತೋರಿಸಿ. ನಾವು ಲಾರಿಯ ಹಿಂದೆ ಹೋಗಿ ನೋಡಿ ಬರುತ್ತೇವೆ. ಮುಂದಿನ ವರ್ಷದ ಪಾಠ ಅದೇ," ಎಂದರು ಫಿಯೋನಾ. "ನಿಮ್ಮ ತೂಕ ನಾಳೆ ಕಳಿಸಿದರೂ ಸಾಕು."

ಮಕ್ಕಳು ಹೋ ಎಂದು ಕಿರುಚಿದರು.

ನಾಲ್ಕು ಗಂಟೆಗೆ ಟ್ರ್ಯಾಕ್ಟರ್ ಹಳ್ಳದ ಹತ್ತಿರ ನಿಂತಿತ್ತು. ಬೆಳಗ್ಗೆ ಇಳಿಸಿದ ಚೀಲಗಳನ್ನು ಮಕ್ಕಳು ಎಣಿಸಿ ಎಣಿಸಿ ಮತ್ತೆ ಏರಿಸುತ್ತಿದ್ದರು. ಚೀಲಗಳ ಬಾಯಿ ಕಟ್ಟಿದ್ದು ಕಟ್ಟಿದಂತೆಯೇ ಇತ್ತು. ಆಚೆಗೆ ಎಷ್ಟೋ ವರ್ಷಗಳ ಊರ ಕಸ, ಅದರ ಮೇಲೆ ಎರಡು ಎಮ್ಮೆ. ಪ್ರೇಮಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಚೌಳಹಿರಿಯೂರಿನಲ್ಲಿ ಬೇಕಾದಷ್ಟಿದೆ. ಆದರೆ ಅವತ್ತು ಒದಗಿ ಬಂದದ್ದು ಇದೇ.

"ನಾನು ಏನೇನೋ ಅಂದುಬಿಟ್ಟೆ," ಕೃತಿಕಾ ಮೆಲ್ಲಗೆ ಹೇಳಿದಳು. "ಆಗಲೇ ಯಾಕೆ ಹೇಳಲಿಲ್ಲ ನೀವು? ಒಂದು ಮಾತು ಎದುರಾಡಬಾರದಿತ್ತಾ?"

"ನೀವು ಬೈತಿದ್ರಿ... ಕೇಳ್ತಾ ನಿಂತಿದ್ದೆ." ಅವನು ಎಮ್ಮೆಗಳನ್ನೇ ನೋಡುತ್ತಿದ್ದ. "ಮೂರು ತಿಂಗ್ಳಲ್ಲಿ ನೀವು ನನ್ ಹತ್ರ ಅಷ್ಟೊಂದು ಮಾತಾಡಿದ್ದು ಇವತ್ತೇ."

ಅವಳಿಗೆ ನಗು ಬಂತು. ನಗುವಿನ ಜೊತೆ ಕಣ್ಣೀರೂ ಬಂತು.

"ಇನ್ನೊಂದು ಹೇಳ್ಬೇಕು ಮೇಡಂ. ಗುಡಿಸಿದ್ದು ಊರಿನ ಮರ್ಯಾದೆಗೂ ಅಲ್ಲ. ಆ ದೇಶದೋರು ನಿಮ್ಮ ಹಿಂದೆ ಕಸ ಕಂಡು, ನಿಮ್ಮನ್ನ ಕೀಳಾಗಿ ನೋಡ್ಬಿಟ್ರೆ ಅಂತ... ನನಗೆ ತಡ್ಕಳಕೆ ಆಗ್ತಿರ್ಲಿಲ್ಲ. ನೀವಂದ್ರೆ ನನಗೆ ಇಷ್ಟ. ತುಂಬಾ ಇಷ್ಟ. ಇದಕ್ಕೂ ಬೈಯೋದಾದ್ರೆ ಬೈದ್ಬಿಡಿ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. 'ಇವನೂ ಹೀಗೇ ಅಂದ್ಕೊಂಡಿದ್ದೆನಲ್ಲಾ... ಛೇ!'

"ಬೈಯ್ತೀನಿ," ಎಂದಳು. "ಕೇಳದೆ ನನ್ನ ಸಾಮಾನು ಮುಟ್ಟಿದ್ರೆ ಮುಂದೆನೂ ಬೈಯ್ತೀನಿ. ದಿನಾ ಬೈಯ್ತೀನಿ. ತಡ್ಕೊಳ್ತೀರಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿಯ ತನಕ ನಗು ಬಂತು.

"ತಡ್ಕೊಳ್ತೀನಿ ಮೇಡಂ!"

"ಗಂಡನಾಗೋನು ಮೇಡಂ ಅಂತಾನೇನ್ರೀ? ಹೆಸರು ಹಿಡಿದು ಕರೀರಿ."

ಅವನು ಸುತ್ತ ನೋಡಿದ. ಗಂಟಲು ಸರಿ ಮಾಡಿಕೊಂಡ. ಎರಡು ಸಲ ಶುರು ಮಾಡಿ ನಿಲ್ಲಿಸಿದ.

"ಕೃತಿಕಾ..."

"ಹ್ಞೂಂ," ಎಂದಳು ಅವಳು.