ಬಜ್ಪೆಯಲ್ಲಿ ಇಳಿಯದ ವಿಮಾನ

ಹಾಶಿಂ ಬೊಂಬಾಯಿಯಿಂದ ಬಂದು ಆರಿಫಾಳನ್ನು ಮದುವೆಗೆ ಕೇಳಿದ ದಿನ ಅವಳು ಬಾಗಿಲ ಪರದೆಯ ಹಿಂದೆ ನಿಂತಿದ್ದಳು. ಪರದೆಯ ಅಂಚು ಹಿಡಿದ ಅವಳ ಬೆರಳುಗಳ ಮೇಲೇ ಅವನ ಕಣ್ಣು. ಮಾತು ಮಾತ್ರ ಅವಳ ತಂದೆ ಅಹ್ಮದ್ ಬಾವರ ಜೊತೆ.

“ಬೊಂಬಾಯಿಗೆ ಕೊಡುದಿಲ್ಲ,” ಅಂದರು ಬಾವ. “ದೊಡ್ಡವಳನ್ನು ಕೊಟ್ಟು ಸಾಕಾಗಿದೆ.”

ದೊಡ್ಡವಳು ನಬೀಸಾ. ಅಲ್ಲಿ ಹೆರಿಗೆ ಕಷ್ಟವಾಗಿದೆ ಎಂದು ತಂತಿ ಬಂದಾಗ ಬಾವ ಬಸ್ಸು ಹತ್ತಿದ್ದರು. ದೋಣಿಯಲ್ಲಿ ಹೊಳೆ ದಾಟಿ, ಮತ್ತೆ ಬಸ್ಸು ಹಿಡಿದು, ಮೂರನೇ ದಿನ ಮುಟ್ಟುವಾಗ ಅವಳು ತೀರಿಕೊಂಡು ದಫನವೂ ಮುಗಿದಿತ್ತು. ಮಗಳ ಮುಖ ನೋಡಲು ಸಿಗಲಿಲ್ಲ.

“ಈಗ ವಿಮಾನ ಉಂಟಲ್ಲ ಮಾಮ,” ಹಾಶಿಂ ಮೆಲ್ಲನೆ ಹೇಳಿದ. “ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರಬಹುದು. ಮುಂದಿನ ಸಲ ಅದರಲ್ಲೇ ಬರ್ತೇನೆ. ನೋಡಿ, ಆಮೇಲೆ ಹೇಳಿ.”

ಹೊರಡುವಾಗ ಚಪ್ಪಲಿ ಹುಡುಕುವ ನೆಪದಲ್ಲಿ ಪರದೆಯ ಹತ್ತಿರ ನಿಂತ. “ನೀನೂ ಬಾ, ನೋಡ್ಲಿಕ್ಕೆ.”

“ವಿಮಾನವನ್ನೋ, ನಿಮ್ಮನ್ನೋ?”

ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡೇ ಅವನು ಮೆಟ್ಟಿಲಿಳಿದ.

ಅವನು ಬರುವ ದಿನ ಬಾವ ಬಾಡಿಗೆ ಕಾರಿನಲ್ಲಿ ಮಗಳನ್ನೂ ಕೂರಿಸಿಕೊಂಡು ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋದರು. ಮಳೆಗಾಲ ಹಿಡಿದಿತ್ತು, ಗುಡ್ಡದ ಮೇಲೆ ಮೋಡ ಇಳಿದಿತ್ತು. ವಿಮಾನದ ಸದ್ದು ತಲೆಯ ಮೇಲೆ ಬಂತು, ಸುತ್ತಿತು, ದೂರ ಹೋಗಿ ಮತ್ತೆ ಬಂತು. ವಿಮಾನ ಮಾತ್ರ ಕಾಣಲಿಲ್ಲ. ಒಮ್ಮೆ ಅದು ಎಷ್ಟು ಕೆಳಗೆ ಬಂತೆಂದರೆ ಕಾರಿನ ಗಾಜು ಅದುರಿತು. ಆರಿಫಾ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಸದ್ದೇ ಇಲ್ಲ.

“ಬೆಳಗಾವಿಗೆ ತಿರುಗಿರಬೇಕು,” ಅಂದ ಅಲ್ಲಿಯ ಗುಮಾಸ್ತ. “ಫೋನಿನ ಲೈನ್ ಕೆಟ್ಟಿದೆ. ಇಳಿದ ಸುದ್ದಿ ಬಂದಿಲ್ಲ.”

ಮನೆಯ ದಾರಿಯುದ್ದಕ್ಕೂ ಬಾವರ ತುಟಿ ದುಆ ಬೇಡುತ್ತ ಅಲುಗುತ್ತಿತ್ತು. “ಯಾರದೋ ಮಗನನ್ನು ನಾನೇ ಅದರಲ್ಲಿ ಕೂರಿಸಿದ ಹಾಗಾಯ್ತು,” ಅಂದರು. ಮನೆಗೆ ಬಂದ ಮೇಲೆ ಆರಿಫಾ ಅನ್ನ ಮುಟ್ಟಲಿಲ್ಲ. ಹೊರಗೆ ಯಾವ ಗಾಡಿ ನಿಂತರೂ ಕೆಟ್ಟ ಸುದ್ದಿ ತಂದವರೇ ಎಂದು ಕಿಟಕಿಗೆ ಓಡುತ್ತಿದ್ದಳು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಲಾರಿ ನಿಂತಿತು. ಇಳಿದವನು ಹಾಶಿಂ, ಮೈಯೆಲ್ಲ ಕೆಸರು, ಕಣ್ಣು ಕೆಂಪು.

“ಸುಳ್ಳು ಹೇಳುದಿಲ್ಲ ಮಾಮ,” ಅಂದ. “ಮೋಡ ಇದ್ದರೆ ವಿಮಾನ ಇಳಿಯುದಿಲ್ಲ. ಬೆಳಗಾವಿಯಿಂದ ರಸ್ತೆಯಲ್ಲೇ ಬಂದೆ. ನಿಮ್ಮ ಹೆದರಿಕೆ ಸರಿ. ಬೇಡ ಅಂದರೆ ವಾಪಸ್ ಹೋಗ್ತೇನೆ.”

ಬಾವ ಒಳಗೆ ಹೋದರು. ಆರಿಫಾ ನೀರಿನ ಲೋಟ ಹಿಡಿದು ಅವನೆದುರು ಬಂದಳು. ಇಬ್ಬರೂ ಮೊದಲ ಸಲ ನೇರ ನೋಡಿಕೊಂಡರು.

“ಹೆದರಿದ್ರಾ?”

“ತುಂಬ. ಕೆಳಗೆ ಏನೂ ಕಾಣುದಿಲ್ಲ. ನೀನು ಅಲ್ಲೇ ಎಲ್ಲೋ ಇದ್ದಿ ಅಂತ ಮಾತ್ರ ಗೊತ್ತು.”

ಲೋಟ ಅವನ ಕೈಗೆ ಬಂದರೂ ಅವಳು ಬೆರಳು ಬಿಡಲಿಲ್ಲ. “ನಾನು ನಿಮ್ಮ ಜೊತೆ ಬರ್ತೇನೆ. ಹೆದರಿಕೆ ಹೋಗ್ಲಿಲ್ಲ. ಆದರೆ ನಿನ್ನೆಯ ಹಾಗೆ ಇಲ್ಲಿ ಕೂತು ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಒಳಬಾಗಿಲಲ್ಲಿ ಬಾವ ನಿಂತಿದ್ದರು. ಎಲ್ಲ ಕೇಳಿಸಿತ್ತು.

“ಹೆರಿಗೆಗೆ ಇಲ್ಲಿಗೇ ಕರ್ಕೊಂಡು ಬರಬೇಕು,” ಅಂದರು. “ತಿಂಗಳುಗಟ್ಟಲೆ ಮೊದಲೇ.”

“ಆಯ್ತು ಮಾಮ.”

ಆರಿಫಾಳ ಮುಖ ಕೆಂಪಾಯಿತು. ಬಾವ ಹತ್ತಿರ ಬಂದು ಹಾಶಿಂನ ಕೆಸರು ಹೆಗಲ ಮೇಲೆ ಕೈ ಇಟ್ಟರು.