ಹನ್ನೊಂದು ಒಂದುಗಳು

"ಆ ಹಾಳೆ ಯಾಕೋ ಅರ್ದೆ?"

ಗೆಜ್ಜಲಗೆರೆಯ ಫ್ಯಾಕ್ಟರಿ ಗೇಟಿನಲ್ಲಿ, ಅಷ್ಟು ಜನರ ಮುಂದೆ ಮಂಜುಶ್ರೀ ಕೇಳಿಯೇಬಿಟ್ಟಳು! ಪಾಳಿ ಮುಗಿಸಿ ಬರುತ್ತಿದ್ದ ಸಿದ್ದರಾಮು ಅಲ್ಲೇ ನಿಂತ. ಒಂದು ವರ್ಷದ ಮೇಲೆ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು.

ಹೋದ ವರ್ಷ ಇವರಿಬ್ಬರ ಮದುವೆ ಮಾತು ನಡೆದಿತ್ತು. ಅದನ್ನು ಮುರಿದದ್ದು ಒಂದು ಸಂಖ್ಯೆ ಎಂದರೆ ನೀವು ನಕ್ಕೀರಿ...

ಹನ್ನೊಂದು ಒಂದುಗಳನ್ನು ಸಾಲಾಗಿ ಬರೆಯಿರಿ: 11111111111. ಒಂದು ಮತ್ತು ತಾನು, ಇವೆರಡನ್ನು ಬಿಟ್ಟರೆ ಇದನ್ನು ಭಾಗಿಸುವ ಸಂಖ್ಯೆಯೇ ಇಲ್ಲ ಎಂದು ಮಂಜುಶ್ರೀಯ ಅಪ್ಪ, ಬೆಳಕವಾಡಿಯ ಕೆಂಪಸಿದ್ದಯ್ಯ ಮೇಷ್ಟ್ರು ನಂಬಿದ್ದರು. ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದು, ಲೆಕ್ಕದ ಪುಸ್ತಕದಲ್ಲಿ ಪುಟಕ್ಕೊಂದರಂತೆ ದಿನಕ್ಕೆರಡು ಭಾಗಾಕಾರ. ಹನ್ನೆರಡು ವರ್ಷ! ಕಣ್ಣು ಸೋತ ದಿನ ಮಗಳು ಮಾಡಿಕೊಡುತ್ತಿದ್ದಳು. ಅವರ ಶಿಷ್ಯನೇ ಆದ ಸಿದ್ದರಾಮು ಒಂದು ದಿನ ಅದನ್ನು ಫೋನಿಗೆ ಹಾಕಿ, "21649ರಿಂದ ಭಾಗ ಆಯ್ತದೆ ಸಾ" ಅಂದುಬಿಟ್ಟ.

ಮೇಷ್ಟ್ರು ಮಾತು ಬಿಟ್ಟರು. ಹತ್ತನೇ ದಿನ ಪ್ರಾಣವನ್ನೂ ಬಿಟ್ಟರು.

"ನಮ್ಮಪ್ಪನ್ನ ಕೊಂದೋನು ನೀನೇ!" ಎಂದು ಮಂಜುಶ್ರೀ ಹೆಣದ ಮುಂದೆಯೇ ಅವನನ್ನು ಅಟ್ಟಿದ್ದಳು. ಅವನು ಬಂದ ದಾರಿಯಲ್ಲೇ ಹೊರಟುಹೋಗಿದ್ದ.

"ಅರ್ದೆ, ಸುಟ್ಟಾಕ್ದೆ. ಓಗು ಮಂಜು, ಬಸ್ಸು ಬತ್ತದೆ" ಎಂದ ಈಗ.

"ಸುಳ್ಳು! ಇವತ್ತು ಅಪ್ಪನ ವರ್ಸದ ಎಡೆ. ಪುಸ್ತಕ ತಗುದ್ರೆ 21649ರ ಪುಟ ಒಂದೇ ಇಲ್ಲ. ಅವತ್ತು ಅಪ್ಪನ್ ಜೊತೆ ಇದ್ದೋನು ನೀನೊಬ್ನೇ. ಯಾವ ಲೆಕ್ಕ ಯಾರು ಮಾಡಿದ್ದು ಅಂತ ಅಪ್ಪ ಕೊನೇಲಿ ಪಟ್ಟಿ ಬರ್ದವ್ರೆ. ಅದ್ರ ಮುಂದೆ... ನನ್ ಹೆಸರದೆ ಕಣೋ."

ಸಿದ್ದರಾಮು ತಲೆ ತಗ್ಗಿಸಿದ. ಪರ್ಸಿನಿಂದ ಮಡಿಸಿದ ಹಾಳೆ ತೆಗೆದು ಕೊಟ್ಟ.

ಹದಿನಾಲ್ಕರ ಹುಡುಗಿಯ ದುಂಡು ಅಕ್ಷರ. ಕಳೆಯುವಾಗ ಪಕ್ಕದ ಅಂಕಿಯಿಂದ ದಶಕ ತೆಗೆದುಕೊಂಡದ್ದನ್ನೇ ಮರೆತಿದ್ದಳು. ಸೊನ್ನೆ ಬರಬೇಕಾದ ಕಡೆ ಶೇಷ ಉಳಿದಿತ್ತು. ಮಗಳ ಲೆಕ್ಕ ತಪ್ಪದು ಎಂದು ಮೇಷ್ಟ್ರು ತಿರುಗಿ ನೋಡಲಿಲ್ಲ. ಆಮೇಲೆ ಎಂಟು ವರ್ಷ ಸುಮ್ಮನೆ ಭಾಗಿಸುತ್ತ ಕೂತರು.

ಅಯ್ಯೋ... ಎಂಟು ವರ್ಷ!

"ಅಂಗಾರೆ ಅಪ್ಪನ್ನ ಕೊಂದೋಳು... ನಾನಾ?"

"ನೋಡು, ಇದ್ಕೇ ಯೋಳ್ಲಿಲ್ಲ! ಅವ್ರ ಎದೆ ಮೊದ್ಲೇ ಸೋತಿತ್ತು, ಡಾಕ್ಟ್ರೂ ಯೋಳಿದ್ರು. ಅವತ್ತೇ, ಮಾತು ಬಿಡಕ್ಕೆ ಮುಂಚೆ, ಹಾಳೆ ಅರ್ದು ನನ್ ಕೈಗೆ ಕೊಟ್ಟಿದ್ದು ಮೇಷ್ಟ್ರೇ. 'ಮಗೀಗೆ ಗೊತ್ತಾಗ್ಬಾರ್ದು ಕಣ್ಲಾ, ಬೈದ್ರೆ ನೀನೇ ಬೈಸ್ಕೊ' ಅಂದ್ರು."

"ಅಪ್ಪ ಅತ್ರಾ?"

"ಅತ್ರು. ನಿನ್ ತಾವ ಇನ್ನು ಸುಳ್ಳು ಯೋಳಕಿಲ್ಲ."

ಮಂಜುಶ್ರೀ ಹಾಳೆಯನ್ನು ಎದೆಗೊತ್ತಿಕೊಂಡು ಬಿಕ್ಕಿದಳು. ಅಪ್ಪನಿಗಾಗಿ ಅತ್ತಳು, ತಾನು ಕಳೆದುಕೊಂಡ ಒಂದು ವರ್ಷಕ್ಕಾಗಿಯೂ ಅತ್ತಳು.

"ಊರೆಲ್ಲ ನಿನ್ನ ಕೊಲೆಗಾರ ಅಂತು... ಸುಮ್ಕಿದ್ಯಲ್ಲೋ!"

"ನೀನು ನಿನ್ನೇ ಬೈಕಳದ್ಕಿಂತ ಅದೇ ವಾಸಿ ಅನ್ನಿಸ್ತು."

ಬಸ್ಸು ಬಂತು. ಅವಳು ಹತ್ತಲಿಲ್ಲ. ಅವನ ಕೈ ಹಿಡಿದಳು.

"ಬಾ... ಅವ್ವ ಎಡೆ ಇಡಕ್ಕೆ ಕಾಯ್ತಾವ್ಳೆ."

"ನಾನಾ? ಯಾರಂತ ಬರ್ಲಿ ಮಂಜು?"

"ಅಳಿಯ ಅಂತ."